ಹನ್ನೆರಡನೆಯ ಗೂಡು

ಗೂಡು ಖಾಲಿಯಾಗಿತ್ತು.

ಪಾಲಾಕ್ಷಪ್ಪ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಮರದ ಹಲಗೆಯಲ್ಲಿ ಹನ್ನೆರಡು ಗೂಡುಗಳು. ಹನ್ನೊಂದರಲ್ಲಿ ನಿನ್ನೆಯ ಆಯುಧಪೂಜೆಯ ಕುಂಕುಮ, ಚೆಂಡು ಹೂವು ಹೊತ್ತ ಬಿಲ್ಲೆಗಳು ಠೀವಿಯಿಂದ ಕೂತಿದ್ದವು. ಹನ್ನೆರಡನೆಯದು ಬರಿದು.

"ಕೆಂಪಿ ಎಲ್ಲಿ?"

ಜೊತೆಗಿದ್ದ ಮೂವರೂ ಮುಖ ಮುಖ ನೋಡಿಕೊಂಡರು.

"ಕೆಂಪಿ ಎಲ್ಲಿ ಅಂತ ಕೇಳಾಕತ್ತೀನಿ!"

ಕುರಿ ಸಾಕುವ ಮನೆತನದವನಾದ್ದರಿಂದ ಹೆಸರು ಹಾಗಿತ್ತೇ ಹೊರತು ಕೆಂಪಿ ಕುರಿಯಲ್ಲ. ಅದು ಡಿಸ್ಕ್ ಗಾಲ್ಫಿನ ಬಿಲ್ಲೆ. ದೂರದಿಂದ ಬಿಲ್ಲೆ ಎಸೆಯುತ್ತಾ ಹೋಗಿ, ಆದಷ್ಟು ಕಡಿಮೆ ಎಸೆತಗಳಲ್ಲಿ ಸರಪಳಿಯ ಬುಟ್ಟಿಗೆ ಬೀಳಿಸುವ ಆಟ. ಹೈಸ್ಕೂಲಿನ ದೈಹಿಕ ಶಿಕ್ಷಕ ಪಾಲಾಕ್ಷಪ್ಪ ಮೂರು ವರ್ಷದ ಹಿಂದೆ ಇದನ್ನು ಮೊಬೈಲಿನಲ್ಲಿ ನೋಡಿ ಮರುಳಾದ. ಕೊಟ್ಟೂರಿನ ಹೊರಗೆ, ಕೂಡ್ಲಿಗಿ ರಸ್ತೆಯ ಬದಿಗಿದ್ದ ತನ್ನ ಕಲ್ಲು ಹೊಲದಲ್ಲಿ ಸೈಕಲ್ ರಿಮ್ಮು, ಹಳೆಯ ಸರಪಳಿ ಸೇರಿಸಿ ಒಂಬತ್ತು ಬುಟ್ಟಿ ನಿಲ್ಲಿಸಿದ. ಮೊದಮೊದಲು ಜನ ನಕ್ಕರು. ಈಗ ಐದು ತಾಲ್ಲೂಕಿನ ಆಟಗಾರರಿದ್ದಾರೆ. ಮರುದಿನ ಹಡಗಲಿಯಲ್ಲಿ ಜೋಡಿ ಪಂದ್ಯ. ಪಾಲಾಕ್ಷಪ್ಪ ಮತ್ತು ಭೀಮರಾಜ ಒಂದು ಜೋಡಿ.

ಹತ್ತಿರಕ್ಕೊಂದು ಬಿಲ್ಲೆ, ನಡುದೂರಕ್ಕೊಂದು, ಬಲುದೂರಕ್ಕೊಂದು. ಬಲುದೂರದ್ದಕ್ಕೆ ಡ್ರೈವರ್ ಎನ್ನುತ್ತಾರೆ. ಅದರ ಅಂಚು ತೆಳು. ಹೊಸದಂತೂ ಮಹಾ ಹಟಮಾರಿ. ಬಲಗೈಯವನು ಎಸೆದರೆ ಕೊನೆಗೆ ಎಡಕ್ಕೆ ಹೊರಳಿಯೇ ತೀರುತ್ತದೆ. ವರ್ಷಗಟ್ಟಲೆ ಕಲ್ಲು ಮಣ್ಣಿಗೆ ಬಡಿದು ಸವೆದ ಮೇಲಷ್ಟೇ ಮಾತು ಕೇಳುತ್ತದೆ, ನೆಟ್ಟಗೆ ಹೋಗುತ್ತದೆ. ಐದು ಡ್ರೈವರುಗಳನ್ನು ಕಣ್ಣು ಮುಚ್ಚಿ ಕೈಯಲ್ಲಿ ತೂಗಿ ನೋಡಿ ಪಾಲಾಕ್ಷಪ್ಪ ಆರಿಸಿಕೊಂಡಿದ್ದು ಕೆಂಪಿಯನ್ನು. ಮೂರು ವರ್ಷ ಬಿಸಿಲಲ್ಲಿ ಪಳಗಿಸಿದ್ದ. ಏಳನೆಯ ಬುಟ್ಟಿಯ ಬಂಡೆಗೆ ಬಡಿದು ಅಂಚು ಒಂದು ಕಡೆ ಮುಕ್ಕಾಗಿತ್ತು. ಕಣ್ಣಿಗೆ ಟವೆಲ್ ಕಟ್ಟಿಕೊಂಡು, ಹತ್ತು ಬಿಲ್ಲೆಗಳ ನಡುವೆ ಬೆರಳಾಡಿಸಿ "ಇದಽ ನನ್ನ ಕೆಂಪಿ" ಎಂದು ಎತ್ತಿ ತೋರಿಸುವುದು ಅವನ ದೊಡ್ಡ ಬಡಾಯಿ.

ಆ ಬೆಳಿಗ್ಗೆ ಹೊಲದ ಕೋಣೆಯಲ್ಲಿ ಅಭ್ಯಾಸಕ್ಕೆ ಬಂದ ಮೂವರು ಅವನ ಜೊತೆಗಿದ್ದರು. ಟ್ರ್ಯಾಕ್ಟರ್ ರಿಪೇರಿಯ ಹುಲುಗೇಶ, ಕಾಲೇಜಿನ ಗುಮಾಸ್ತ ಸಂಜೀವ, ಮತ್ತೆ ಅಂಚೆ ಕಚೇರಿಯ ಭೀಮರಾಜ. ಭೀಮರಾಜ ಅಂಬೇಡ್ಕರ್ ನಗರದವನು. ಮಧ್ಯಾಹ್ನ ಹಗರಿಬೊಮ್ಮನಹಳ್ಳಿಯಲ್ಲಿ ಬುದ್ಧ ವಂದನೆಯ ಕಾರ್ಯಕ್ರಮವಿತ್ತು. ಅದಕ್ಕೆಂದು ಅಚ್ಚ ಬಿಳಿ ಬಟ್ಟೆ ಹಾಕಿಕೊಂಡೇ ಬಂದಿದ್ದ.

ಮೂವರ ಚೀಲಗಳೂ ಗೋಡೆಗೆ ಒರಗಿದ್ದವು.

"ಭೀಮರಾಜ, ಚೀಲ ತೆರಿ."

"ಯಾಕಣ್ಣಾ?"

"ತೆರಿ ಅಂದೆ."

ಭೀಮರಾಜ ಹುಲುಗೇಶನ ಚೀಲದ ಕಡೆ ನೋಡಿದ. ಸಂಜೀವನ ಚೀಲದ ಕಡೆ ನೋಡಿದ. ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ತನ್ನ ಚೀಲವನ್ನು ಬೋರಲು ಹಾಕಿದ. ಟವೆಲ್ ಬಿತ್ತು, ನೀರಿನ ಬಾಟಲಿ ಬಿತ್ತು, ಎರಡು ಬಿಲ್ಲೆ ಬಿದ್ದವು. ಕೊನೆಗೆ ಪೇಪರಿನಲ್ಲಿ ಸುತ್ತಿದ ಇನ್ನೊಂದು ಬಿತ್ತು. ಪೇಪರು ಬಿಚ್ಚಿಕೊಂಡಿತು—ಕೆಂಪು ಡ್ರೈವರ್! ಅದೇ ಕಂಪನಿ, ಅದೇ ಬಣ್ಣ, ಮೈತುಂಬ ಗೀರು.

"ಇದೇನಿದು?"

"ಇದು ನಂದಣ್ಣಾ."

"ನಿಂದಾ? ಈ ಪರಿ ಗೀರು ಬಿದ್ದೈತಿ! ಪೇಪರಿನಾಗ ಯಾಕ ಮುಚ್ಚಿಟ್ಟಿ?"

"ಅದನ್ನ ಈಗ ಹೇಳಂಗಿಲ್ಲಣ್ಣಾ."

"ಹೆಂಗ ಹೇಳ್ತಿ? ಕಳ್ಳನ ಜೋಡಿ ನಾ ಹಡಗಲಿಗೆ ಬರಂಗಿಲ್ಲ. ನಡಿ!"

ಭೀಮರಾಜ ಬಗ್ಗಿದ. ಟವೆಲ್, ಬಾಟಲಿ, ತನ್ನೆರಡು ಬಿಲ್ಲೆ ಎತ್ತಿಕೊಂಡ. ಕೆಂಪು ಬಿಲ್ಲೆಯನ್ನು ನೆಲದ ಮೇಲೇ ಬಿಟ್ಟು ಹೊರಟುಹೋದ. ಹುಲುಗೇಶ ಕೆಮ್ಮಿದ. ಸಂಜೀವ ಮೊಬೈಲು ನೋಡಿದ. ಪಾಲಾಕ್ಷಪ್ಪನಿಗೆ ಕಳ್ಳ ಸಿಕ್ಕಿದ ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

ಹನ್ನೊಂದು ಗಂಟೆಗೆ ಸ್ಕೂಟಿಯೊಂದು ಬಂದು ಹೊಲದ ಬದಿಗೆ ನಿಂತಿತು. ಇಳಿದವಳು ಸಮತಾ, ಭೀಮರಾಜನ ಅಕ್ಕ. ಕೂಡ್ಲಿಗಿಯಲ್ಲಿ ಸರ್ವೇಯರ್. ಅಣ್ಣ ತಮ್ಮಂದಿರು ತಲೆ ಒಡೆದುಕೊಳ್ಳುವ ಹೊಲಗಳಲ್ಲಿ ಗಡಿಯ ಬಾಂದು ಕಲ್ಲು ಹುಡುಕುವುದೇ ಅವಳ ಕೆಲಸ. ಗದರಿಸಿದರೆ ಹೆದರುವ ಪೈಕಿ ಅಲ್ಲ.

"ಮೇಷ್ಟ್ರ, ತಮ್ಮ ಎಲ್ಲಾ ಹೇಳಿದ. ನಾ ಜಗಳಕ್ಕ ಬಂದಿಲ್ಲ. ಅಳತಿಗೆ ಬಂದೀನಿ. ಕೋಣಿ ತೋರಿಸ್ತೀರೇನು?"

"ತೋರಿಸೂದೇನೈತ್ರಿ? ಮಾಲು ಸಿಕ್ಕೈತಿ."

"ಸಿಕ್ಕಿದ್ರ ಒಳ್ಳೇದಾತು. ಎಲ್ಲೈತಿ?"

ಕೆಂಪು ಬಿಲ್ಲೆ ಬಿದ್ದಲ್ಲೇ ಬಿದ್ದಿತ್ತು. ಸಮತಾ ಅದನ್ನೊಮ್ಮೆ ನೋಡಿದಳು, ಪಾಲಾಕ್ಷಪ್ಪನನ್ನೊಮ್ಮೆ ನೋಡಿದಳು.

"ಬೆಳಿಗ್ಗಿಯಿಂದ ಇಲ್ಲೇ ಬಿದ್ದೈತಾ? ನಿಮ್ಮ ಕೆಂಪಿ ಅಂತೀರಿ, ಎತ್ತಿ ಗೂಡಿಗಿಡಲಿಲ್ಲ?"

ಪಾಲಾಕ್ಷಪ್ಪ ನೆಲದ ಮೇಲಿನ ಬಿಲ್ಲೆಯನ್ನು ನೋಡಿದ. ಹೌದಲ್ಲ, ಯಾಕೆ ಎತ್ತಲಿಲ್ಲ?

ಅವಳು ಗೂಡುಗಳ ಮುಂದೆ ಮೊಣಕಾಲೂರಿ ಕೂತಳು. ಒಂದೊಂದನ್ನೇ ಬೆರಳಿಟ್ಟು ನೋಡಿದಳು. ಹನ್ನೆರಡನೆಯದರ ಹತ್ತಿರ ಬಹಳ ಹೊತ್ತು ಬಗ್ಗಿದ್ದಳು.

"ಕೆಂಪಿಯನ್ನ ಕೊನಿಗೆ ನೋಡಿದ್ದು ಯಾವಾಗ?"

"ನಿನ್ನೆ ಬೆಳಿಗ್ಗಿ. ನಾನಽ ಒರೆಸಿ ಇಟ್ಟೆ. ಬೀಗ ಹಾಕಿದೆ."

"ಬೀಗದ ಕೈ?"

"ನನ್ನ ಹತ್ರ ಒಂದು, ಮನ್ಯಾಗ ಒಂದು."

"ಪೂಜಿ ಯಾವಾಗಾತು?"

"ನಿನ್ನೆ ಸಂಜಿಗೆ. ನಾ ಸಾಲಿ ಪೂಜಿ ಮುಗಿಸಿ ಬರೂದ್ರಾಗ ಹೊತ್ತಾತು. ಮಂಗಳಾರತಿಗೆ ಬಂದು ಕೈ ಮುಗಿದೆ. ಗೂಡಿನ ಮುಂದ ಹೂವಿನ ಸರ ಇಳಿ ಬಿಟ್ಟಿದ್ರು, ಒಳಗಿಂದು ಕಾಣ್ತಿರಲಿಲ್ಲ. ಇವತ್ತು ಸರ ತೆಗೆದಾಗಽ ಖಾಲಿ ಕಂಡಿದ್ದು."

"ನಿನ್ನೆ ನನ್ನ ತಮ್ಮ ಇಲ್ಲಿಗೆ ಬಂದಿದ್ನಾ?"

"ಇಲ್ಲ. ಇವತ್ತು ಬೆಳಿಗ್ಗಿ ಬಂದ. ನಾ ಬಾಗಿಲು ತೆರೆದು ಬುಟ್ಟಿ ನೋಡಾಕ ಹೋಗಿದ್ದೆ. ಆವಾಗ ತಗೊಂಡಾನ."

"ಅಂದ್ರ ಪೂಜಿ ಆದ ಮ್ಯಾಲೆ?"

"ಹೌದು, ಪೂಜಿ ಆದ ಮ್ಯಾಲೆ."

"ಹಂಗಾದ್ರ ಇಲ್ಲಿ ನೋಡ್ರಿ."

ಪಾಲಾಕ್ಷಪ್ಪ ಬಗ್ಗಿದ. ಹನ್ನೊಂದು ಗೂಡುಗಳ ಹಲಗೆಯ ಅಂಚಿಗೆ ಹಸಿ ಕುಂಕುಮದ ಬೊಟ್ಟು ಅಂಟಿ ಒಣಗಿತ್ತು. ಒಳಗೆ ಚೆಂಡು ಹೂವು. ಹನ್ನೆರಡನೆಯದರ ಅಂಚಿನಲ್ಲಿ ಹೋದ ವರ್ಷದ ಮಾಸಿದ ಕಲೆ ಬಿಟ್ಟರೆ ಬೇರೇನೂ ಇಲ್ಲ. ಒಂದು ಎಸಳೂ ಇಲ್ಲ.

"ಕಳ್ಳ ಬಿಲ್ಲೆ ಒಯ್ದಾನು. ಹೂವೂ ಒಯ್ದಾನು ಅಂತ ಇಟ್ಕೊಳ್ರಿ. ಹಲಗಿಗೆ ಹಚ್ಚಿದ ಕುಂಕುಮ ಒಯ್ತಾನಾ? ಈ ಗೂಡಿಗೆ ನಿನ್ನೆ ಪೂಜಿನಽ ಆಗಿಲ್ಲ. ಯಾಕ? ಪೂಜಿಕ್ಕಿಂತ ಮೊದಲಽ ಇದು ಖಾಲಿ ಆಗಿತ್ತು. ನನ್ನ ತಮ್ಮ ಆವಾಗ ಈ ಹೊಲದಾಗಽ ಇರಲಿಲ್ಲ."

ಪಾಲಾಕ್ಷಪ್ಪನಿಗೆ ಇನ್ನೂ ಸೋಲೊಪ್ಪಲು ಮನಸ್ಸಿಲ್ಲ.

"ಮತ್ತ ಈ ಬಿಲ್ಲೆ? ಇದೆಲ್ಲಿಂದ ಬಂತು?"

"ಕೈಯಾಗ ತಗೊಳ್ರಿ. ಕಣ್ಣು ಮುಚ್ಚಿ ಹೇಳ್ತೀರಂತಲ್ಲ? ಹೇಳ್ರಿ."

ಪಾಲಾಕ್ಷಪ್ಪ ಬಿಲ್ಲೆಯನ್ನು ಎತ್ತಿಕೊಂಡ. ಕಣ್ಣು ಮುಚ್ಚುವುದೂ ಬೇಕಾಗಲಿಲ್ಲ. ಅಂಚು ಇನ್ನೂ ಚೂಪು. ಬೆರಳು ಸುತ್ತ ಹರಿದಾಡಿತು—ಮುಕ್ಕು ಎಲ್ಲಿ? ಇಲ್ಲ. ಗೀರುಗಳೆಲ್ಲ ಮೇಲುಮೇಲಿನವು. ಆದರೂ ಹೊರಗೆ ಬಂದು, ಏಳನೆಯ ಬುಟ್ಟಿಯ ಕಡೆ ಬೀಸಿ ಎಸೆದ. ಬಿಲ್ಲೆ ಚೆನ್ನಾಗಿಯೇ ಹಾರಿತು. ಬೇವಿನ ಮರ ದಾಟಿತು. ಆಮೇಲೆ ಎಡಕ್ಕೆ ಹೊರಳಿ ಜಾಲಿಯೊಳಗೆ ಬಿತ್ತು.

ಕೆಂಪಿಯಾಗಿದ್ದರೆ ನೆಟ್ಟಗೆ ಹೋಗುತ್ತಿತ್ತು.

ನಾಚಿಕೆ ಕಾಲಿನಿಂದ ಏರಿ ಕಿವಿಗೆ ಬಂದು ನಿಂತಿತು. ಒಂದು ಸಲ ಕೈಯಲ್ಲಿ ಹಿಡಿದಿದ್ದರೆ ಸಾಕಾಗಿತ್ತು. ಒಂದೇ ಒಂದು ಸಲ.

"ನಿನ್ನೆ ಪೂಜಿಗೆ ಇಟ್ಟವರು ಯಾರು?" ಸಮತಾ ಕೇಳಿದಳು.

"ನಮ್ಮವ್ವ."

"ಅವರನ್ನ ಕೇಳಿದ್ರೇನು?"

ಕೇಳಿರಲಿಲ್ಲ. ಮನೆ ಇನ್ನೂರು ಹೆಜ್ಜೆ ದೂರದಲ್ಲಿತ್ತು. ಮನೆಯವರನ್ನು ಕೇಳಬೇಕು ಎಂದು ಹೊಳೆದೇ ಇರಲಿಲ್ಲ.

ತಾಯಿ ಕೊಟ್ರಬಸಮ್ಮ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಕಿವಿ ಮಂದ. ಬೆಳಗಿನ ಗದ್ದಲ ಒಂದೂ ಕೇಳಿರಲಿಲ್ಲ. ಸಮತಾ ಪಕ್ಕದಲ್ಲಿ ಕೂತು, ತಾನೂ ಎರಡು ಕಾಯಿ ಸುಲಿದು, ಗಟ್ಟಿಯಾಗಿ ಕೇಳಿದಳು.

"ಅಜ್ಜೀ, ನಿನ್ನೆ ಎಷ್ಟು ಬಿಲ್ಲೆಗೆ ಪೂಜಿ ಮಾಡಿದ್ರಿ?"

"ಹನ್ನೊಂದಕ್ಕವ್ವಾ."

"ಹನ್ನೆರಡಿದ್ವಲ್ಲ?"

"ಒಂದು ಮುಕ್ಕಾಗಿತ್ತು. ಮುಕ್ಕಾದದ್ದು, ಸೀಳಿದ್ದು ಪೂಜಿಗೆ ಬರಂಗಿಲ್ಲ ನೋಡು. ಹೋದ ವರ್ಷ ಚೊಲೋ ಇತ್ತು, ಇಟ್ಟಿದ್ದೆ."

"ಅದನ್ನೇನು ಮಾಡಿದ್ರಿ?"

"ಪೂಜಿ ಆದ ವಸ್ತು ತಿಪ್ಪಿಗೆ ಹಾಕಾಕ ಬರತೈತೇನು? ಗಾಜು ಒಡೆದ ದೇವರ ಫೋಟೋ ಒಂದಿತ್ತು. ಎರಡೂ ಒಯ್ದು ಅರಳಿ ಕಟ್ಟಿಗೆ ಇಟ್ಟು ಬಂದೆ." ಮುದುಕಿ ಮಗನ ಮುಖ ನೋಡಿದಳು. "ಯಾಕೋ ಪಾಲಾಕ್ಷಿ, ಹಿಂಗ್ಯಾಕ ನಿಂತಿ?"

ಅರಳಿ ಕಟ್ಟೆ ರಸ್ತೆಯ ತಿರುವಿನಲ್ಲಿತ್ತು. ಊರಿನವರೆಲ್ಲ ತಂದಿಟ್ಟ ಹಳೆಯ ಪಟಗಳು, ಮೂಗು ಹೋದ ಮಣ್ಣಿನ ಗಣಪತಿ, ದಾರ ಹರಿದ ಕಂಕಣಗಳು. ಅವುಗಳ ನಡುವೆ, ಬುಡಕ್ಕೆ ಒರಗಿಸಿ ಇಟ್ಟ ಕೆಂಪಿ. ಪಾಲಾಕ್ಷಪ್ಪ ಎತ್ತಿಕೊಂಡ. ಬೆರಳು ತಾನಾಗಿ ಮುಕ್ಕಿನಲ್ಲಿ ಕೂತಿತು. ಮೂರು ವರ್ಷದಲ್ಲಿ ಮೊದಲ ಸಲ ಅದನ್ನು ಹಿಡಿದು ಸಂತೋಷವಾಗಲಿಲ್ಲ.

"ಅಂದ್ರ ಕಳ್ಳರಽ ಇಲ್ಲ," ಎಂದ, ತಪ್ಪಿಸಿಕೊಳ್ಳುವ ದಾರಿ ಸಿಕ್ಕವನ ಹಾಗೆ. "ಏನೋ ತಿಳಿಯದ ಆಗಿದ್ದು."

"ಬಿಲ್ಲೆ ಸರಿಸಿದವರು ನಿಮ್ಮವ್ವ. ಅವರದೇನೂ ತಪ್ಪಿಲ್ಲ," ಎಂದಳು ಸಮತಾ. "ಆದ್ರ ಅಪರಾಧ ಆಗೈತಿ ಮೇಷ್ಟ್ರ. ಮಾಡಿದವರು ನೀವು. ಕುಂಕುಮ ನಿಮಗ ಕಾಣಲಿಲ್ಲ, ಹೋಗ್ಲಿ. ಅದಕ್ಕಿಂತ ದೊಡ್ಡ ಗುರುತು ಒಂದೈತಿ. ಇವತ್ತು ಬೆಳಿಗ್ಗಿ ಆ ಗ್ವಾಡಿಗೆ ಎಷ್ಟು ಚೀಲ ಇದ್ವು?"

"…ಮೂರು."

"ಎಷ್ಟು ತೆರೆಸಿದ್ರಿ?"

ಪಾಲಾಕ್ಷಪ್ಪ ಕೆಂಪಿಯ ಮೇಲಿನ ಧೂಳು ಒರೆಸತೊಡಗಿದ.

"ಕಣ್ಣು ಕಟ್ಟಿದ್ರೂ ನಿಮ್ಮ ಕೈ ಕೆಂಪಿಯನ್ನ ಗುರುತು ಹಿಡಿತೈತಿ. ಹುಲುಗೇಶನ ಚೀಲದಾಗ ಅಂಥಾದೊಂದು ಸಿಕ್ಕಿದ್ರ ಏನು ಮಾಡ್ತಿದ್ರಿ? ಎತ್ತಿ ನೋಡ್ತಿದ್ರಿ. ತಿರುಗಿಸಿ ನೋಡ್ತಿದ್ರಿ. ಇಲ್ಲಿ ಮುಟ್ಟೂದಽ ಬ್ಯಾಡಾತು. ಯಾರ ಚೀಲದಿಂದ ಬಿತ್ತು ಅನ್ನೂದಷ್ಟಽ ಸಾಕಾತು."

ತಾನು ಅಂಥವನಲ್ಲ ಎಂದೇ ಪಾಲಾಕ್ಷಪ್ಪ ನಂಬಿದ್ದ. ಭೀಮರಾಜನ ಹೆಗಲ ಮೇಲೆ ಕೈ ಹಾಕಿ ಎಷ್ಟು ಫೋಟೋ ತೆಗೆಸಿಕೊಂಡಿದ್ದ! ಆದರೆ ಗೂಡು ಬರಿದಾದ ಕ್ಷಣದಲ್ಲಿ ಕಣ್ಣು ನೆಟ್ಟಗೆ ಹೋಗಿದ್ದು ಒಂದೇ ಚೀಲದ ಮೇಲೆ.

"ಇನ್ನೊಂದು ಮಾತು," ಎಂದಳು. "ಆ ಬಿಲ್ಲೆ ನಿಮಗಽ ತಂದಿದ್ದು. ಕೆಂಪಿ ಮುಕ್ಕು ದೊಡ್ಡದಾಗಾಕತ್ತೈತಿ, ಯಾವತ್ತರ ಒಂದು ದಿನ ಸೀಳತೈತಿ, ಅಣ್ಣಗ ಇನ್ನೊಂದು ಬೇಕು ಅಂತಿದ್ದ. ಮೂರು ತಿಂಗಳಾತು, ದಿನಾ ಸಂಜಿ ನಮ್ಮ ಮನಿ ಹಿಂದಿನ ಕಲ್ಲು ಬಯಲಾಗ ಎಸೆದೆಸೆದು ಪಳಗಿಸಾಕತ್ತಿದ್ದ. ಇವತ್ತು ಆಟ ಮುಗಿದ ಮ್ಯಾಲೆ ಕೊಡಾಕಂತ ಪೇಪರ್ ಸುತ್ತಿದ್ದ."

ಪಾಲಾಕ್ಷಪ್ಪ ಅಲ್ಲಿಯೇ ಕಟ್ಟೆಯ ಮೇಲೆ ಕೂತುಬಿಟ್ಟ.

ಆಮೇಲೆ ಎದ್ದು ಹೊಲಕ್ಕೆ ವಾಪಸ್ ಹೋದ. ಜಾಲಿಯೊಳಗೆ ಕೈ ಹಾಕಿ, ಮುಳ್ಳು ಗೀರಿಸಿಕೊಂಡು ಆ ಬಿಲ್ಲೆಯನ್ನೂ ತೆಗೆದ. ಹುಲುಗೇಶನಿಗೆ, ಸಂಜೀವನಿಗೆ ಫೋನ್ ಮಾಡಿ ಬಸ್ ಸ್ಟ್ಯಾಂಡಿಗೆ ಬರಹೇಳಿದ.

ಹಗರಿಬೊಮ್ಮನಹಳ್ಳಿ ಬಸ್ಸು ಹೊರಡಲು ನಿಂತಿತ್ತು. ಬಿಳಿ ಬಟ್ಟೆಯ ಹತ್ತಾರು ಜನರ ನಡುವೆ ಭೀಮರಾಜ. ಪಾಲಾಕ್ಷಪ್ಪ ಎಲ್ಲರೆದುರು ನಿಂತು, ಆಟದ ಬಯಲಿನಲ್ಲಿ ಕೂಗುವಷ್ಟೇ ಗಟ್ಟಿಯಾಗಿ ಹೇಳಿದ:

"ಕೆಂಪಿ ನಮ್ಮ ಮನಿಯವರಽ ತೆಗೆದಿಟ್ಟಿದ್ರು. ಭೀಮರಾಜ ಕಳ್ಳ ಅಲ್ಲ. ಮೂರು ಚೀಲದಾಗ ಇವಂದೊಂದನ್ನಽ ತೆರೆಸಿದವನು ನಾನು. ತಪ್ಪಾತು." ಕೆಂಪಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. "ಇದು ನಿಂದು. ತಗೋ. ನಾಳೆ ಹಡಗಲ್ಯಾಗ ನೀ ಇದರಾಗ ಎಸಿ."

ಸಂಜೀವ ತಲೆ ತಗ್ಗಿಸಿದ. ಹುಲುಗೇಶ ಒರಟು ಕೈಯಿಂದ ಮುಖ ಒರೆಸಿಕೊಂಡ.

ಭೀಮರಾಜ ಬಿಲ್ಲೆಯನ್ನು ನೋಡಿದ. ತೆಗೆದುಕೊಳ್ಳಲಿಲ್ಲ. ಸಿಟ್ಟೂ ಮಾಡಲಿಲ್ಲ.

"ಚೀಲ ತೆರಿಯೂದಕ್ಕ ಮೊದಲು ನಾ ಸ್ವಲ್ಪ ಹೊತ್ತು ನಿಂತಿದ್ದೆ. ನೆನಪೈತಾ?" ಎಂದ. "ಅವರದೂ ತೆರೀರಿ ಅಂತೀರೇನೋ ಅಂತ ಕಾದೆ."

ಕಂಡಕ್ಟರ್ ಸೀಟಿ ಊದಿದ. ಭೀಮರಾಜ ಹತ್ತಿ ಕಿಟಕಿಯ ಪಕ್ಕ ಕೂತ. ಪಾಲಾಕ್ಷಪ್ಪ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿದ.

"ನಾಳೆ ಬರ್ತಿಯಲ್ಲ, ಭೀಮರಾಜ? ಬರ್ತಿಯಲ್ಲ?"

"ನೋಡ್ತೀನ್ರಿ, ಸರ್."

ಬಸ್ಸು ತಿರುವು ದಾಟಿತು. ಪಾಲಾಕ್ಷಪ್ಪ ಎರಡು ಕೈಯಲ್ಲಿ ಎರಡು ಕೆಂಪು ಬಿಲ್ಲೆ ಹಿಡಿದುಕೊಂಡು ನಿಂತೇ ಇದ್ದ. ಮೂರು ವರ್ಷದಲ್ಲಿ ಭೀಮರಾಜ ಅವನನ್ನು ಒಂದು ದಿನವೂ ಸರ್ ಎಂದು ಕರೆದಿರಲಿಲ್ಲ.