ಇಪ್ಪತ್ತು ಹೆಬ್ಬೆಟ್ಟು

"ಗ್ಯಾಸ್ ತೆಗಿತಾರಂತೆ ಗ್ಯಾಸು! ಬೋರಾಗೆ ನೀರಿನ ಬದ್ಲು ಬೆಂಕಿ ಬಂದ್ರೆ ನಿಮ್ಮಪ್ಪ ಬಂದು ಆರುಸ್ತಾನೇನ್ಲಾ?"

ಊರಿನ ಹಿರಿಯಳು ದೇವಿರಮ್ಮ ಭಾರತೀನಗರದ ಬಸ್‌ಸ್ಟಾಂಡಿನಲ್ಲಿ ಹೀಗೆ ಕೂಗಿದ ದಿನವೇ ಚಲುವರಾಜು ಹಲ್ಲು ಕಚ್ಚಿದ್ದ. ನೆಲದಾಳದ ಕಲ್ಲು ಸೀಳಿ ಗ್ಯಾಸ್ ಹುಡುಕುವ ಕಂಪನಿ ಅವನ ಜೀಪನ್ನು ಮೂರು ವರ್ಷ ಬಾಡಿಗೆಗೆ ಹಿಡಿಯಲಿತ್ತು. ಇಪ್ಪತ್ತು ರೈತರ ಒಪ್ಪಿಗೆ ತಂದರೆ ಮಾತ್ರ. ದೇವಿರಮ್ಮನೂ ಸೇರಿ ಇಪ್ಪತ್ತೂ ಜನ ಆಗಲ್ಲ ಅಂದಿದ್ದರು.

ಆದರೆ ಇಪ್ಪತ್ತೂ ಜನ ಹೆಬ್ಬೆಟ್ಟಿನವರು. ಒಂದೇ ಹೆಬ್ಬೆಟ್ಟನ್ನು ಎರಡು ಕಡೆ ಒತ್ತಿ ಸಿಕ್ಕಿಬೀಳಲು ಚಲುವರಾಜು ದಡ್ಡನೇ? ದೇವರು ಮನುಷ್ಯನಿಗೆ ಇಪ್ಪತ್ತು ಬೆರಳು ಕೊಟ್ಟಿರುವುದು ಸುಮ್ಮನೆಯೇ? ಊರೆಲ್ಲ ಕಬ್ಬು ಕಡಿಯಲು ಹೋದ ಮಧ್ಯಾಹ್ನ ಅಟ್ಟ ಹತ್ತಿ, ಕಾಗದ ಹರಡಿ, ನೇರಳೆ ಶಾಯಿಯಲ್ಲಿ ಮೊದಲು ಕೈಬೆರಳು, ಆಮೇಲೆ ಕಾಲ್ಬೆರಳು ಒತ್ತುತ್ತಾ ಹೋದ. ಎಡಗಾಲಿನ ಹೆಬ್ಬೆರಳನ್ನು ದೇವಿರಮ್ಮನಿಗೆಂದೇ ಮೀಸಲಿಟ್ಟಿದ್ದ. "ತಗೊ ಅತ್ತೆ," ಎಂದು ಒಬ್ಬನೇ ನಕ್ಕ.

ನಿಂಬೆಹಣ್ಣು, ಒಲೆಬೂದಿ, ಸೀಗೆಪುಡಿ ಹಾಕಿ ಉಗುರಿನ ಸಂದಿಸಂದಿಯನ್ನೂ ತಿಕ್ಕಿ ಕೈಗಳನ್ನು ಮದುಮಗನ ಕೈಯಂತೆ ಮಾಡಿಕೊಂಡ. ಸ್ಟಾಂಪ್ ಪ್ಯಾಡು ನಾಲೆಯ ಪಾಲಾಯಿತು. ಕಂಪನಿ ಕೊಟ್ಟಿದ್ದ ಕಾಲುಚೀಲ, ಬೂಟು ಏರಿಸಿ ಕಾಗದವನ್ನು ಕಂಪನಿಗೆ ಮುಟ್ಟಿಸಿ ಬಂದ. ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಬಚ್ಚಿಟ್ಟ ರಾಕ್ಷಸನೂ ಇಷ್ಟು ಜಾಗ್ರತೆ ಮಾಡಿರಲಾರ.

ಮಾರನೇ ದಿನ, ಒಪ್ಪಿಗೆ ನಿಜವೇ ಎಂದು ವಿಚಾರಿಸಲು ಬಂದ ತಾಲ್ಲೂಕು ಅಧಿಕಾರಿ ಅರುಂಧತಿ ಮಾರಮ್ಮನ ಗುಡಿಯ ಮುಂದೆ ಊರನ್ನು ಸೇರಿಸಿದರು.

"ನಾವ್ಯಾರೂ ಒತ್ತಿಲ್ಲ ಕಣವ್ವ," ಎಂದರು ಎಲ್ಲರೂ.

ಚಲುವರಾಜು ಎರಡೂ ಕೈ ಚಾಚಿದ. "ನನ್ ಮೇಲೆ ಅನ್ಮಾನನಾ? ನೋಡ್ಕಳಿ ಮೇಡಂ, ಒಂದು ಚುಕ್ಕಿ ಅದಾ?"

"ಅಂಗಾದ್ರೆ ಮೆಟ್ಲು ಅತ್ತಿ ಅವ್ವನ ಮ್ಯಾಲೆ ಆಣೆ ಮಾಡ್ಲಾ," ಎಂದಳು ದೇವಿರಮ್ಮ.

ಅದನ್ನೂ ಅವನು ಮೊದಲೇ ಯೋಚಿಸಿದ್ದ. ಸುಳ್ಳಾಣೆಯ ತಪ್ಪಿಗೆಂದು ಒಂದು ಹುಂಜವನ್ನು ಮಾರಮ್ಮನಿಗೆ ಮನಸ್ಸಿನಲ್ಲೇ ಹರಕೆ ಹೊತ್ತಾಗಿತ್ತು. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದಂತೆ ಗುಡಿಯ ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿದ, ಕಾಲುಚೀಲ ಎಳೆದ, ಸುಣ್ಣ ಬಳಿದ ಮೆಟ್ಟಿಲು ಹತ್ತಿ ಬಲಗೈ ಎತ್ತಿದ. ಎತ್ತಿದ ಕೈಯನ್ನು ಯಾರೂ ನೋಡಲಿಲ್ಲ. ಬಿಳಿ ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದ ನೇರಳೆ ಕಾಲ್ಬೆರಳುಗಳನ್ನು ದೇವಿರಮ್ಮ ಬಗ್ಗಿ, ಒಂದೊಂದಾಗಿ, ಹತ್ತರವರೆಗೂ ಎಣಿಸುತ್ತಿದ್ದಳು.