ಕರಿಮೂತಿಯ ಮೂಗು ಮತ್ತು ಮರದ ರಾಜಕುಮಾರಿ

ಬಹಳ ಹಿಂದೆ, ಹೂವಿಗೂ ಹಾವಿಗೂ ಹರಟೆ ನಡೆಯುತ್ತಿದ್ದ ಕಾಲದಲ್ಲಿ, ನವಿಲುದುರ್ಗ ಎಂಬ ರಾಜ್ಯವಿತ್ತು. ಅಲ್ಲಿಯ ನಾಯಿಗಳಿಗೆ ಮಾತು ಬರುತ್ತಿತ್ತು. ಕೇಳುವ ವ್ಯವಧಾನ ಮಾತ್ರ ಮನುಷ್ಯರಿಗೆ ಇರಲಿಲ್ಲ.

ರಾಜಕುಮಾರಿ ತಾರಾವಳಿಯ ನಾಯಿ ಕರಿಮೂತಿ. ಅದಕ್ಕೆ ವರ್ಷವೆಂದರೆ ನವರಾತ್ರಿ; ಮಿಕ್ಕ ದಿನವೆಲ್ಲ ನವರಾತ್ರಿಗೆ ಕಾಯುವುದು. ಅಟ್ಟದಿಂದ ಇಳಿಸಿದ ಗೊಂಬೆಗಳ ಹಳೇ ಮರದ ವಾಸನೆ, ಕಜ್ಜಾಯದ ಘಮ, ವೇಷ ಕಟ್ಟುವ ಕೋಣೆಯ ಬಣ್ಣದ ವಾಸನೆ ನೆನೆದರೆ ಸಾಕು, ನಡುಬೇಸಗೆಯಲ್ಲೂ ಬಾಲ ತಾನಾಗಿ ಅಲ್ಲಾಡುತ್ತಿತ್ತು. ಪ್ರತಿ ಹಬ್ಬಕ್ಕೂ ಅರಮನೆಯಲ್ಲಿ ಘಟಾಸುರನ ನಾಟಕ. ಊರಿಗೆ ಊರೇ ಅದರ ಹಾಡು ಗುನುಗುತ್ತ ತಿರುಗುತ್ತಿತ್ತು. ಆಟ ಮುಗಿದ ಮೇಲೆ ರಾಜ ರಂಗವೇರಿ ಒಂದೊಂದು ಪಾತ್ರಕ್ಕೂ ಒಂದೊಂದು ಹಾರ ಹಾಕುವುದು ಪದ್ಧತಿ.

ಒಂದು ವರ್ಷ ಗೊಂಬೆ ಕೂರಿಸುವ ದಿನ, ಹೊಗೆಯ ನಿಲುವಂಗಿ ತೊಟ್ಟ ಮಾಂತ್ರಿಕ ಧೂಮಕೇಶ ಬಂದ. ಕೈ ಬೀಸಿದ. ತಾರಾವಳಿ ಮರದ ಗೊಂಬೆಯಾಗಿ ಗೊಂಬೆಗಳ ಮೆಟ್ಟಿಲ ಮೇಲೆ ಕೂತಳು.

"ನಿಮ್ಮ ನಾಟಕದ ಬಗ್ಗೆ ಬಹಳ ಜಂಬವಲ್ಲವೇ?" ಎಂದ ರಾಜನಿಗೆ. "ಹೋದ ವರ್ಷದ ಆಟದ ಬಗ್ಗೆ ಮೂರು ಪ್ರಶ್ನೆ ಕೇಳುತ್ತೇನೆ. ಸೂರ್ಯ ಮುಳುಗುವುದರೊಳಗೆ ಉತ್ತರ ಸಿಗದಿದ್ದರೆ ಇವಳು ಗೊಂಬೆಯೇ. ಈ ರಾಜ್ಯಕ್ಕೆ ಇನ್ನು ಹಬ್ಬವೂ ಇಲ್ಲ."

ಕರಿಮೂತಿ ಗೊಂಬೆಯ ಪಾದ ನೆಕ್ಕಿತು. ಬರೀ ಮರದ ರುಚಿ.

"ಘಟಾಸುರ ರಂಗದ ಮೇಲೆ ಕುಡಿದದ್ದೇನು?" ಎಂದು ಶುರುಮಾಡಿದ ಮಾಂತ್ರಿಕ.

ಮಂತ್ರಿ ರಕ್ತ ಎಂದ. ಮಾಂತ್ರಿಕ ನಕ್ಕ. ಆಸ್ಥಾನಕವಿ ದ್ರಾಕ್ಷಾರಸ ಎಂದ. ಮಾಂತ್ರಿಕ ಇನ್ನೂ ನಕ್ಕ.

"ಬೆಲ್ಲದ ಪಾನಕ," ಎಂದಿತು ಕರಿಮೂತಿ. "ದಾಸವಾಳ ಹಿಂಡಿ ಕೆಂಪು ಮಾಡಿದ್ದರು. ಚೆಲ್ಲಿದ್ದನ್ನು ನೆಕ್ಕಿದ್ದು ನಾನೇ."

ಗೊಂಬೆಯ ಕಣ್ಣು ಪಿಳಿಪಿಳಿ ಎಂದಿತು. ಅಂದು ಮೊದಲ ಸಲ ಎಲ್ಲರೂ ನಾಯಿಯ ಕಡೆ ತಿರುಗಿದರು.

"ಅಸುರನ ಬಲಮೀಸೆ ಕಳಚಿ, ಜನ ಬಿದ್ದು ಬಿದ್ದು ನಕ್ಕರಲ್ಲ. ಆ ಮೀಸೆ ಎಲ್ಲಿದೆ?" ಎಂದ ಮಾಂತ್ರಿಕ.

ವೇಷಭೂಷಣದ ಸುಬ್ಬರಾಯ ಪೆಟ್ಟಿಗೆಗಳನ್ನೆಲ್ಲ ತಡಕಿ ಸುಸ್ತಾದ. ಕರಿಮೂತಿ ಕಿವಿ ಇಳಿಬಿಟ್ಟುಕೊಂಡು ಅಂಗಳದ ದಾಳಿಂಬೆ ಗಿಡದ ಬುಡಕ್ಕೆ ಹೋಗಿ ಕೆರೆಯಿತು. ಮಣ್ಣು ಮೆತ್ತಿದ ಮೀಸೆ ಹೊರಬಂತು.

"ಇಲಿ ಅಂದುಕೊಂಡಿದ್ದೆ ಮಹಾಪ್ರಭು," ಎಂದಿತು ಮೆಲ್ಲಗೆ.

ಗೊಂಬೆಯ ಕೈಬೆರಳು ಆಡಿದವು. ಸೂರ್ಯ ಕೋಟೆಗೋಡೆಗೆ ತಾಗಿದ್ದ. ಮಾಂತ್ರಿಕನ ದನಿ ಯಾಕೋ ಸಣ್ಣಗಾಯಿತು.

"ನಾಟಕದ ಕುದುರೆಯ ಹಿಂಗಾಲು ಯಾರು?"

ಆ ಕುದುರೆ ಎಂದರೆ ಒಂದೇ ಬಟ್ಟೆಯೊಳಗೆ ಬಗ್ಗಿದ ಇಬ್ಬರು. ಮುಂಗಾಲು ಜಟ್ಟಿ ಮಲ್ಲಣ್ಣನೆಂದು ಎಲ್ಲರಿಗೂ ಗೊತ್ತು. ಹಿಂಗಾಲು? ರಾಜ ಮಂತ್ರಿಯ ಮುಖ ನೋಡಿದ, ಮಂತ್ರಿ ಮಲ್ಲಣ್ಣನ ಮುಖ ನೋಡಿದ.

"ಅವನ ಮುಖ ನಾನೆಲ್ಲಿ ನೋಡಿದೆ ಬುದ್ಧಿ," ಎಂದ ಮಲ್ಲಣ್ಣ. "ಅವ ಹಿಂದಿದ್ದ."

ಮುಖವನ್ನು ಕರಿಮೂತಿಯೂ ಕಂಡಿರಲಿಲ್ಲ. ಆದರೆ ನಾಟಕದ ದಿನ ಕುದುರೆಬಟ್ಟೆಯ ಕೆಳಗಿಂದ ಒಂದು ಕೈ ಬಂದು ಅರ್ಧ ಚಕ್ಕುಲಿ ಕೊಟ್ಟಿತ್ತು. ಓಮದ ಘಮ, ಜೊತೆಗೆ ಒಣಹುಲ್ಲಿನ ವಾಸನೆಯ ಬೆವರು. ಆ ವಾಸನೆಯನ್ನು ಹುಡುಕುತ್ತ ಅದು ಸಭೆಯ ಪಾದಗಳನ್ನೆಲ್ಲ ಮೂಸಿತು. ಕೊನೆಗೆ ಹೊಗೆಯ ನಿಲುವಂಗಿಯ ಕೆಳಗೆ ಮೂಗು ತೂರಿಸಿತು. ಬಾಲ ಜೋರಾಗಿ ಅಲ್ಲಾಡಿತು.

"ನೀನೇ. ನನಗೆ ಚಕ್ಕುಲಿ ಕೊಟ್ಟವನು ನೀನೇ."

ಹೊಗೆಯೆಲ್ಲ ಕಿಟಕಿಯಿಂದ ಹೊರಗೆ ಹೋಯಿತು. ಒಳಗಿದ್ದವನು ಒಬ್ಬ ಸಣಕಲ ಮನುಷ್ಯ. ಕಣ್ಣು ಒದ್ದೆಯಾಗಿದ್ದವು.

"ಕುದುರೆಗೆ ಕೊರಳು ಒಂದೇ, ಹಾರವೂ ಒಂದೇ," ಎಂದ. "ನನ್ನನ್ನೂ ಕರೆಯುತ್ತಾರೆಂದು ಬಟ್ಟೆಯೊಳಗೇ ಕಾದೆ. ದೀಪ ಆರಿಸಿ ಎಲ್ಲರೂ ಮನೆಗೆ ಹೋದರು."

ತಾರಾವಳಿ ಮೆಟ್ಟಿಲಿಂದ ಧುಮುಕಿ ಕರಿಮೂತಿಯನ್ನು ಅಪ್ಪಿಕೊಂಡಳು. ಸಿಟ್ಟು ಮಾಡಿಕೊಳ್ಳುವ ಹಕ್ಕು ಅವಳಿಗಿತ್ತು. ಆದರೂ ಕೇಳಿದಳು: "ನಿಮ್ಮ ಹೆಸರೇನಣ್ಣ?"

"ಹೊನ್ನಯ್ಯ, ತಾಯಿ. ಇಷ್ಟು ವರ್ಷದಲ್ಲಿ ಕೇಳಿದವರು ನೀವೊಬ್ಬರೇ."

ರಾಜ ತಲೆ ತಗ್ಗಿಸಿದ. ಆ ಹಬ್ಬದ ನಾಟಕದಲ್ಲಿ ಮೊದಲ ಹಾರವನ್ನು ಕುದುರೆಯ ಬಾಲಕ್ಕೆ ಹಾಕಿದ. ಬಾಲ ಎಷ್ಟು ಹೊತ್ತು ಕುಣಿಯಿತೆಂದರೆ, ಅದನ್ನು ನೋಡಿ ಕರಿಮೂತಿಯ ಬಾಲವೂ ನಿಲ್ಲಲಿಲ್ಲ.

ನವಿಲುದುರ್ಗದಲ್ಲಿ ಇಂದಿಗೂ ಅದೇ ಪದ್ಧತಿ. ಅಲ್ಲಿ ಎಲ್ಲರೂ ಸುಖವಾಗಿದ್ದಾರೆ, ಹಬ್ಬ ಬಂತೆಂದರೆ ಅಸುರನ ಮೀಸೆ ಕಾಯುತ್ತ ಕೂರುವ ಸುಬ್ಬರಾಯನೊಬ್ಬನನ್ನು ಬಿಟ್ಟು.