ರೂಪಶ್ರೀಯ ಚೀಲದ ನೀಲಿ ಆಲಿಕೆ

ಹೊಳೆನರಸೀಪುರದ ಬಸವಲಿಂಗಮ್ಮನ ಗಾಣದ ಕೊಬ್ಬರಿ ಎಣ್ಣೆಯಲ್ಲಿ ಡೀಸೆಲ್ ನಾರುತ್ತಿದೆಯೆಂದು ಅರಕಲಗೂಡಿನ ಅಂಗಡಿಗಳಿಂದ ಬಾಟಲಿಗಳು ವಾಪಸಾದ ದಿನ ಗಾಣದ ಮುಂದೆ ಬೀದಿಯೇ ನೆರೆಯಿತು. ಎದುರು ಮನೆಯ ನಿವೃತ್ತ ವಿಜ್ಞಾನ ಮೇಡಂ ಕಾವೇರಮ್ಮನೂ ಮೊಮ್ಮಗಳು ಇಂಚರಳೊಂದಿಗೆ ಬಂದರು. ಊರಿನ ಎಷ್ಟೋ ಕಿತಾಪತಿಗಳನ್ನು ಅಜ್ಜಿ ಬಯಲಿಗೆಳೆದದ್ದನ್ನು ಇಂಚರ ಪಕ್ಕದಲ್ಲೇ ನಿಂತು ಕಂಡಿದ್ದಳು.

ಬಸವಲಿಂಗಮ್ಮನ ತಮ್ಮ ಕೀರ್ತಿರಾಜ್ ಗಾಣದ ಕೆಲಸದಾಕೆ ರೂಪಶ್ರೀಯ ಮೇಲೆ ಕೂಗಾಡುತ್ತಿದ್ದ. ಹೋದ ತಿಂಗಳಷ್ಟೇ ಅಕ್ಕ ಅವನಿಂದ ಗಾಣದ ಕೀ ಕಿತ್ತುಕೊಂಡು, ಗಲ್ಲಾದಲ್ಲಿ ಕೂರಿಸಿದ್ದರು.

"ಬಾಟ್ಲಿ ತುಂಬೋಳು ಈ ರೂಪಶ್ರೀನೇ ಕಣಕ್ಕ! ಇವಳ ಚೀಲ ತೆಗೆಸು, ನೀಲಿ ಆಲಿಕೆ ಅದರಲ್ಲೇ ಇರ್ತದೆ!"

ಚೀಲದಲ್ಲಿ ನೀಲಿ ಪ್ಲಾಸ್ಟಿಕ್ ಆಲಿಕೆ ಇತ್ತು. ಡೀಸೆಲ್ ಗಪ್ಪೆಂದು ಮೂಗಿಗೆ ಹೊಡೆಯಿತು. ಬಸವಲಿಂಗಮ್ಮ ಎಲ್ಲರೆದುರೇ ರೂಪಶ್ರೀಯ ಕೆನ್ನೆಗೆ ಬಾರಿಸಿದರು.

"ನೀನು ಯಾವುದರಲ್ಲಿ ತುಂಬ್ತೀಯಮ್ಮ?" ಕಾವೇರಮ್ಮ ಕೇಳಿದರು.

ರೂಪಶ್ರೀ ಗೋಡೆಗೆ ನೇತುಹಾಕಿದ್ದ ಸಣ್ಣ ಕೊಳವೆಯ ಸ್ಟೀಲ್ ಆಲಿಕೆ ತೋರಿಸಿದಳು. "ಅಂಗ್ಡಿಗೆ ಬಾಟ್ಲಿ ಹಿಡ್ಕಂಡೇ ಓಗಿ, ಅದ್ರ ಬಾಯಿಗೆ ಸರಿಯಾಗಿ ಕೂರ್ತದಾ ಅಂತ ನೋಡಿ ಇದ್ನ ತಂದಿದ್ದು ಮೇಡಂ. ಪ್ಲಾಸ್ಟಿಕ್ಕು ವಾಸ್ನೆ ಹಿಡ್ಕತದೆ, ಬಿಸಿಗೆ ಸೊಟ್ಟಾಯ್ತದೆ."

ಕಾವೇರಮ್ಮ ಎಲ್ಲರನ್ನೂ ಒಳಗೆ ಕೂರಿಸಿದರು. "ಇಂಚರಾ, ನೀಲಿ ಆಲಿಕೆಯನ್ನ ಬಾಟಲಿಗೆ ಇಡು."

ಇಂಚರ ಒತ್ತಿದಳು, ತಿರುಗಿಸಿದಳು. ದಪ್ಪ ಕೊಳವೆ ಬಾಟಲಿಯ ಬಾಯಲ್ಲಿ ಇಳಿಯಲೇ ಇಲ್ಲ.

"ಡೀಸೆಲ್ ಇದರಿಂದ ಹೋಗಿಲ್ಲ," ಎಂದರು ಕಾವೇರಮ್ಮ. "ಸ್ಟೀಲಿನದರಲ್ಲೇ ಸುರಿದಿರಬೇಕು, ಆದರೆ ತೊಳೆದರೆ ಅದರಲ್ಲಿ ವಾಸನೆ ಉಳಿಯಲ್ಲ. ಅದಕ್ಕೇ ನಾರುವ ಪ್ಲಾಸ್ಟಿಕ್ ಬೇಕಾಯ್ತು, ಇವಳ ಮೇಲೆ ಹಾಕೋಕೆ. ಅಳತೆ ನೋಡಿ ಕೊಂಡವಳು ಇದನ್ನ ಮುಟ್ಟಳು. ಬಾಟಲಿ ತುಂಬಿ ಗೊತ್ತಿಲ್ಲದವನು ತಂದದ್ದು. ತುಂಬಿದ ಬಾಟಲಿಗಳು ಇರೋದು ಗಲ್ಲಾದ ಹಿಂದೆ, ನೀನು ಕೂರೋ ಕಡೆ. ಚೀಲ ಬಿಚ್ಚೋ ಮೊದಲೇ ಬಣ್ಣ ಹೇಳಿದ್ದು ಯಾರು, ಕೀರ್ತಿರಾಜ್?"

ಅವನ ಮುಖ ಕಪ್ಪಿಟ್ಟಿತು. "ನಾನು ಎಣ್ಣೆಗೆ ಪಾಮಾಯಿಲ್ ಬೆರೆಸ್ತೀನಿ ಅಂತ ಅಕ್ಕನಿಗೆ ಚಾಡಿ ಹೇಳಿ ಕೀ ಕಿತ್ಕೊಳ್ಳೋ ಹಾಗೆ ಮಾಡಿದ್ಲು! ಆಳುಗಳ ಮುಂದೆ ನನ್ನ ಮಾನ ಹೋಯ್ತು. ಇವಳದ್ದೂ ಹೋಗ್ಲಿ ಅಂತ ಮಾಡ್ದೆ!"

ಬಸವಲಿಂಗಮ್ಮ ಅಳುತ್ತ ರೂಪಶ್ರೀಯ ಕೈಹಿಡಿದರು. ಅವಳು ಕೈ ಬಿಡಿಸಿಕೊಂಡಳು.

"ನಿಮ್ಮ ತಮ್ಮ ನನ್ ಜೊತೆ ಅರಕಲಗೂಡಿಗೆ ಬರ್ಲಿ ಕಣವ್ವ. ಬಾಟ್ಲಿ ವಾಪಸ್ ಕೊಟ್ಟ ಒಂದೊಂದು ಅಂಗ್ಡೀಲೂ ನಿಂತು, ಡೀಸೆಲ್ ಹಾಕಿದ್ದು ತಾನೇ ಅಂತ ಯೋಳ್ಲಿ. ಇಲ್ದಿದ್ರೆ ಈಗ್ಲೇ ಸ್ಟೇಷನ್ನಿಗೆ ಓಯ್ತೀನಿ."

ಮರುದಿನ ಇಂಚರಳೂ ಜೊತೆಗೆ ಹೋದಳು. ಅಂಗಡಿಯಿಂದ ಅಂಗಡಿಗೆ ಕೀರ್ತಿರಾಜನ ತಲೆ ತಗ್ಗುತ್ತ ಹೋಯಿತು. ಕೊನೆಯದರಲ್ಲಿ ಅವನ ದನಿಯೇ ಹೊರಡಲಿಲ್ಲ. ಇಂಚರಳಿಗೆ ಅಯ್ಯೋ ಅನ್ನಿಸಿತು. ರೂಪಶ್ರೀಗೆ ಅನ್ನಿಸಲಿಲ್ಲ.

"ಕೇಳಿಸ್ನಿಲ್ಲ," ಎಂದಳು. "ಗಟ್ಟಿಯಾಗಿ ಯೋಳಿ."